ಚನಿಯಪ್ಪಜ್ಜನ ಮಸ್ಟರಿಂಗ್

ಪೆರ್ಲ ಪೇಟೆಯ ಅಕ್ಷಯ ಕೇಂದ್ರದಲ್ಲಿ
ಬದುಕಿದ್ದೀರಿ ಎಂದು ಬರೆದುಕೊಡುವುದು ನನ್ನ ಕೆಲಸ.
ವರ್ಷಕ್ಕೊಮ್ಮೆ ಬರುತ್ತಾರೆ ಪಿಂಚಣಿಯವರು,
ಕೊಡೆ ಮಡಚಿ ಮೂಲೆಗಿಟ್ಟು ಬೆರಳು ಚಾಚುತ್ತಾರೆ.
ಮಿಷನ್ನು ಹಸಿರು ಬೆಳಗುತ್ತದೆ,
ಎದ್ದು ಹೋಗುತ್ತಾರೆ.

ಚನಿಯಪ್ಪಜ್ಜನಿಗೆ ಬೆಳಗಲಿಲ್ಲ.
ಹೆಬ್ಬೆರಳು. ಇಲ್ಲ.
ತೋರುಬೆರಳು. ಇಲ್ಲ.
ಒದ್ದೆ ಬಟ್ಟೆಯಲ್ಲಿ ಒರಸಿದೆ, ತೆಂಗಿನೆಣ್ಣೆ ಸವರಿದೆ,
ಹತ್ತನ್ನೂ ಒತ್ತಿಸಿದೆ ಒಂದೊಂದಾಗಿ.
ಗೆರೆಗಳೇ ಇಲ್ಲ ಅಲ್ಲಿ,
ಮುರಕಲ್ಲು ತಿಂದು ಮುಗಿಸಿದೆ.

"ಎಲ್ಲಿ ಹೋಯಿತು ಅಜ್ಜ, ನಿಮ್ಮ ಬೆರಳಚ್ಚು?"
"ಬಾಯಾರಲ್ಲಿ ನಾಲ್ಕು ಸುರಂಗ, ಪಡ್ರೆಯಲ್ಲಿ ಒಂಬತ್ತು,
ಶೇಣಿಯಲ್ಲಿ ಎಷ್ಟೋ, ಲೆಕ್ಕ ಇಟ್ಟವರಿಲ್ಲ.
ಅಲ್ಲೆಲ್ಲ ಉಂಟು, ಹೋಗಿ ನೋಡು ಮಾರಾಯ್ತಿ,
ಗೋಡೆಗೆ ಅಂಟಿಕೊಂಡಿರಬೇಕು."

ಆಧಾರಿನಲ್ಲಿ ಹುಟ್ಟಿದ್ದು ಜನವರಿ ಒಂದು;
ಯಾರೋ ಕಂಪ್ಯೂಟರಿನವ ದಾನ ಕೊಟ್ಟ ದಿನ.
ಹೆಸರು ಹೇಳುವುದು ಶನಿವಾರ.
ತಾಯಿ ಹೇಳುತ್ತಿದ್ದದ್ದು: ಮಾರಿಬೊಳ್ಳದ ವರ್ಷ,
ಹೊಳೆ ಹಟ್ಟಿಯಿಂದ ಎರಡು ದನ ಕೊಂಡುಹೋಯಿತು,
ನೀನು ಬಂದೆ.

"ಹಾಗಾದರೆ ನೂರ ಎರಡು" ಎಂದೆ.
"ನೂರ ಎರಡು ಕೋಲು" ಎಂದರು ಅಜ್ಜ,
ವರ್ಷವನ್ನು ಬಿಟ್ಟು ಬೇರೆ ಏನನ್ನೋ ಅಳೆಯುತ್ತ.
"ಅಷ್ಟು ಉದ್ದದ್ದು ಒಂದು ಕೊರೆದಿದ್ದೇನೆ ಬಜಕೂಡ್ಲಿನಲ್ಲಿ.
ತೊಂಬತ್ತು ಕೋಲಿನವರೆಗೆ ಬರೀ ಪುಡಿಮಣ್ಣು.
ಯಜಮಾನರು ಸಾಕು ಎಂದರು.
ನನಗೆ ಮೊಣಕಾಲಿಗೆ ತಂಪು ಹತ್ತಿತ್ತು. ಹೇಳಲಿಲ್ಲ.
ಹನ್ನೆರಡು ಕೋಲು ಕೂಲಿ ಬಿಟ್ಟು ಕೊರೆದೆ.
ಈಗಲೂ ಬೀಳುತ್ತಾ ಉಂಟು, ಕಿರುಬೆರಳಷ್ಟು ದಪ್ಪ."

ನೂರು ತುಂಬಿದಾಗ ಪಂಚಾಯತಿನಲ್ಲಿ ಸನ್ಮಾನ ಇಟ್ಟಿದ್ದರು.
ಶಾಲು, ಹಣ್ಣಿನ ಬುಟ್ಟಿ,
ಕನ್ನಡದಲ್ಲೊಂದು, ಮಲಯಾಳದಲ್ಲೊಂದು ಭಾಷಣ.
ಕುರ್ಚಿ ಖಾಲಿ.
ಗೇರುಗುಡ್ಡೆಯ ಹೊಟ್ಟೆಯೊಳಗೆ ಕುಕ್ಕರುಗಾಲಲ್ಲಿ ಕೂತು
ಯಾರದೋ ಕುಸಿದ ಸುರಂಗದ ಗಂಟಲು ಬಿಡಿಸುತ್ತಿದ್ದರಂತೆ ಅಜ್ಜ.
ಮೈಕಿನಲ್ಲಿ ತನ್ನ ಹೆಸರು ಮೂರು ಸಲ
ಮಣ್ಣಿನಲ್ಲಿ ಹಾದು ಬಂದದ್ದು ಕೇಳಿಸಿತಂತೆ.
"ಯಾರೋ ಸತ್ತರೆಂದು ತಿಳಿದೆ.
ಬುಟ್ಟಿ ಆಮೇಲೆ ಉಪಕಾರಕ್ಕೆ ಬಂತು, ಮಣ್ಣು ಹೊರಲು."

ಇನ್ನು ಕಣ್ಣೇ ಗತಿ.
ಕಪ್ಪು ಕೊಳವೆ ಮುಖಕ್ಕೆ ಹಿಡಿದು, ಮಿಟುಕಿಸಬೇಡಿ ಎಂದೆ.
ನಕ್ಕರು. ಬಾಯಲ್ಲಿ ಮೂರು ಹಲ್ಲು,
ಮೂರೂ ಕೆಲಸದವು.
"ಮೊಂಬತ್ತಿ ನೋಡುತ್ತ ಕೊರೆದ ಕಣ್ಣು ಇದು.
ಅದು ನಂದಿದರೆ ಒಳಗೆ ಉಸಿರಿಲ್ಲ ಎಂದು.
ತಿರುಗಲು ಜಾಗ ಇರುವುದಿಲ್ಲ,
ಹಿಂದೆ ಹಿಂದೆಯೇ ಬರಬೇಕು.
ಮಿಟುಕಿದವರು ಯಾರೂ ಮುದುಕರಾಗಲಿಲ್ಲ."

ನೆಟ್‌ವರ್ಕು ತಿರುಗಿತು, ತಿರುಗಿತು.
ಅಜ್ಜ ಬೆಂಚಿನಲ್ಲಿ ಸುಮ್ಮನೆ ಕೂರದೆ
ನನ್ನ ಕ್ಯಾಲೆಂಡರಿನ ಪಕ್ಕ ಗೋಡೆಗೆ ಕಿವಿ ಇಟ್ಟರು,
ಅಳುವ ಮಗುವಿನ ಎದೆಗೆ ಇಡುವ ಹಾಗೆ.
"ಇದರ ಹಿಂದೆ ನೀರು ಹರಿಯುತ್ತಾ ಉಂಟು" ಎಂದರು.
"ಇಲ್ಲಿ ಎಂತ ನೀರು ಅಜ್ಜ, ಬರೀ ಸಿಮೆಂಟು" ಎಂದೆ.

ಹಸಿರು ಬೆಳಗಿತು.
ಮಲಯಾಳದ ಕಾಗದ ಕನ್ನಡದಲ್ಲಿ ಓದಿ ಹೇಳಿದೆ:
ಜೀವಂತ ಇದ್ದಾರೆ.
"ಒಂದು ವರ್ಷಕ್ಕೆ ಮಾತ್ರವಾ?"
"ಹೌದು, ಮತ್ತೆ ಬರಬೇಕು."
"ಸಾಕು. ಸ್ವರ್ಗದ ಮಮ್ಮದೆಯವರದ್ದು ಅರ್ಧದಲ್ಲಿ ಉಂಟು,
ಅದಕ್ಕೆ ಒಂದು ಬೇಸಿಗೆ ಹಿಡಿಯುತ್ತದೆ."
(ಸ್ವರ್ಗ ನಮ್ಮಲ್ಲಿ ಒಂದು ಊರು. ಬಸ್ಸು ಹೋಗುತ್ತದೆ.)

ರಿಕ್ಷಾ ಕರೆಯಲಾ ಎಂದು ಕೇಳಿದೆ.
ಗಿಡ್ಡ ಹಿಡಿಯ ಪಿಕ್ಕಾಸು ಚೀಲದಿಂದ ಇಣುಕುತ್ತಿತ್ತು.
"ಬಗ್ಗಿ ಕೂರಲು ಅಡ್ಡಿಯಿಲ್ಲ,
ಕೈಗೆ ಕೆಲಸ ಇಲ್ಲದೆ ಕೂರಬೇಕಲ್ಲ" ಎಂದು
ಬಿಸಿಲಿಗಿಳಿದರು,
ಬೆನ್ನು ಬಾಗಿದೆ ಸುರಂಗದ ಅಳತೆಗೆ ಸರಿಯಾಗಿ,
ಹೆಜ್ಜೆ ಮಾತ್ರ ನೆಟ್ಟಗೆ.

ಶನಿವಾರ ಬೀಗ ತೆಗೆದಾಗ
ಕ್ಯಾಲೆಂಡರು ಒದ್ದೆಯಾಗಿ ಗೋಡೆಗೆ ಅಂಟಿತ್ತು.
ಬಿಡಿಸಿ, ಅಂಗೈ ಇಟ್ಟೆ.
ತಂಪು.
ಕೈ ತೆಗೆದರೆ ಹಸಿ ಸುಣ್ಣದಲ್ಲಿ ನನ್ನ ಐದೂ ಬೆರಳು,
ಗೆರೆ ಗೆರೆ ಎಣಿಸುವ ಹಾಗೆ,
ಒಂದೂ ಸವೆಯದೆ.