ಏಳು ಏಳು ಏಳು

ಸಾಗರದ ತಾಲ್ಲೂಕು ಕಚೇರಿ, ರೆಕಾರ್ಡು ರೂಮಿನ ಪಕ್ಕದ ಕೋಣೆ.
ಕಂಪ್ಯೂಟರು ನನ್ನದಲ್ಲ, ಕುರ್ಚಿ ನನ್ನದಲ್ಲ,
ಹನ್ನೊಂದು ತಿಂಗಳ ಗುತ್ತಿಗೆ ಮಾತ್ರ ನನ್ನದು.

ತುಮರಿ ಕಡೆಯಿಂದ ಮೊದಲ ಲಾಂಚಿಗೆ ಬಂದವರು
ಕೆರಿಯಪ್ಪ. ಬೆಂಚಿನ ತುದಿಗೆ ಕೂತಿದ್ದಾರೆ.
ಚೀಟಿಯಲ್ಲಿ ಸರ್ವೆ ನಂಬರು, ಅಜ್ಜನ ಹೆಸರು.
ಆ ನಂಬರಿನ ಮೇಲೆ ಈಗ ಮೀನು ಓಡಾಡುತ್ತವೆ.
ಒಂದು ಪ್ರತಿ ಬೇಕು, ಅಷ್ಟೇ. ಹತ್ತು ರೂಪಾಯಿ ಕೈಯಲ್ಲೇ ಇದೆ.

ತೆರೆಯಲು ಹೋದೆ. ಪರ್ಮಿಶನ್ ಡಿನೈಡ್.
ಮತ್ತೆ ಕೇಳಿದೆ. ಮತ್ತೆ ಅದೇ, ಸಿಟ್ಟಿಲ್ಲದೆ.
ನಮ್ಮ ಜವಾನನೂ ಇಷ್ಟು ತಣ್ಣಗೆ ಹೇಳಲಾರ.

ಫೈಲನ್ನು ಬೈದು ಪ್ರಯೋಜನವಿಲ್ಲ, ದಾರಿ ನೋಡಬೇಕು.
ಬೇರಿನಿಂದ ಹೊರಟು, ರೂಟ್ ಎಂದರೆ ಬೇರೇ ತಾನೆ,
ಒಂದೊಂದೇ ಹೊಸಿಲಲ್ಲಿ ನಿಂತು ಕೇಳುತ್ತ ಹೋದೆ:
ಕಚೇರಿ, ದಾಟಬಹುದು. ಹೋಬಳಿ, ದಾಟಬಹುದು.
ಮುಳುಗಡೆ.
ಆ ಫೋಲ್ಡರಿನ ಬಾಗಿಲಲ್ಲಿ ನಿಂತೆ.
ಒಳಗಿನ ಹೆಸರುಗಳೆಲ್ಲ ಕಾಣುತ್ತವೆ,
ಪಕ್ಕದಲ್ಲಿ ಸಾಲುಸಾಲು ಪ್ರಶ್ನೆಚಿಹ್ನೆ.
ನಮ್ಮ ಗುಂಪಿಗೆ ಓದು ಇದೆ, ಎಕ್ಸ್ ಇಲ್ಲ.
ಫೈಲಿಗಾದರೆ ಎಕ್ಸ್ ಅಂದರೆ ನಡೆಸು,
ಫೋಲ್ಡರಿಗೆ, ಒಳಗೆ ಕಾಲಿಡು.
"ಕಾಣ್ತದೆ, ಹೋಗಕ್ಕಾಗಲ್ಲ" ಅಂದೆ.
"ಗೊತ್ತು" ಅಂದರು ಕೆರಿಯಪ್ಪ. "ಬ್ಯಾಸಗೇಲಿ ಮರದ ಬೊಡ್ಡೆ ಕಾಣ್ತಾವೆ."

ಒಡೆಯ ಯಾರು? ಹೆಸರಿರಬೇಕಾದಲ್ಲಿ ಸಾವಿರದ ಏಳು.
ಸಲ್ಡಾನ ಸಾರ್ ಸೊರಬಕ್ಕೆ ವರ್ಗವಾದ ಮೇಲೆ
ಯಾರೋ ಅವರ ಖಾತೆ ಅಳಿಸಿದ್ದಾರೆ.
ಹೆಸರು ಹೋದರೂ ನಂಬರು ಉಳಿಯುತ್ತದೆ.
ಚೀಟಿ ಹಿಡಿದ ಬೆರಳುಗಳ ಕಡೆ ನೋಡದಿರಲು ಯತ್ನಿಸಿದೆ.

ಶಿವಮೊಗ್ಗಕ್ಕೆ ಫೋನು. ಜಿಲ್ಲಾ ಕಚೇರಿಯ ವಿರೂಪಾಕ್ಷಯ್ಯ
ಸ್ಪೀಕರಿನಲ್ಲಿ, ಏನೋ ಅಗಿಯುತ್ತ:
"ಸುಡೋ ಹಾಕ್ರಿ ಮೇಡಂ, ಸುಡೋ."
"ಸುಡೋದಾ? ಕಾಗದಾನಾ?" ಕೆರಿಯಪ್ಪನಿಗೆ ಗಾಬರಿ.
"ಹಾಕಿ, ಎಲ್ಲಾರಿಗೂ ಕೊಟ್ಬಿಡಿ: ಏಳು! ಏಳು! ಏಳು!"

ಕೆರಿಯಪ್ಪ ಎದ್ದು ನಿಂತರು.
ಟವೆಲ್ಲು, ಚೀಲ, ಚೀಟಿ ಒಟ್ಟಿಗೇ ಎದೆಗೊತ್ತಿಕೊಂಡು.

ನನಗೆ ನಗು ಬಂತು. ಆಮೇಲೆ ಬರಲಿಲ್ಲ.
"ಆವತ್ತೂ ಹಿಂಗೇ ಅಂದಿದ್ರಂತೆ ಕಣ್ರಮ್ಮ, ಬೆಳಗಿನ ಜಾವ.
ನಾನು ಅವ್ವನ ಸೊಂಟದಾಗಿದ್ದೆ. ಏಳಿ ಅಂದ್ರು.
ಎಲ್ಲಿ ಕೂರೋದು ಅಂತ ಹೇಳಲಿಲ್ಲ."

ಫೋನು ಇಟ್ಟೆ. ಮೂರು ಏಳು ಹಾಕಲಿಲ್ಲ.
ಯಾರು ಬೇಕಾದರೂ ತಿದ್ದಬಹುದಾದ ದಾಖಲೆ
ಬೇಲಿಯಿಲ್ಲದ ಗದ್ದೆ; ಈ ಊರಿನ ದನಗಳು ನನಗೆ ಗೊತ್ತು.
ಗುಂಪಿನ ನಾಲ್ಕಕ್ಕೆ ಒಂದು ಕೂಡಿಸಿದೆ.
ಏಳು, ಐದು, ಸೊನ್ನೆ. ಇಷ್ಟು ಹೊತ್ತು ಬೇಕಾಗಿದ್ದು ಒಂದು ಎಕ್ಸ್.
ಸಾವಿರದ ಏಳನ್ನು ಹಾಗೇ ಬಿಟ್ಟೆ.
ಒಡೆಯನ ಜಾಗದಲ್ಲಿ ಯಾರನ್ನು ಬರೆಯಲಿ,
ನನ್ನ ಹೆಸರೇ ಏಪ್ರಿಲ್ಲಿಗೆ ಮುಗಿಯುತ್ತದೆ.

ಪ್ರಿಂಟರು ಎರಡು ಸಲ ಕೆಮ್ಮಿ ಹಾಳೆ ಬಿಟ್ಟಿತು.
ಅಜ್ಜನ ಹೆಸರಿನ ಒಂದಕ್ಷರ ಸ್ಕ್ಯಾನಿನ ಮಸಿಯಲ್ಲಿ ಹೋಗಿದೆ.
ಅವರು ಓದಲಿಲ್ಲ. ಬಿಸಿ ಹಾಳೆಯನ್ನು
ಎರಡೂ ಅಂಗೈ ಮೇಲೆ ಹಿಡಿದು ನಿಂತೇ ಇದ್ದರು,
ನೋಟು ಮೇಜಿನ ಮೇಲೆ.

"ಕೂರ್ಲಾ ಈಗ?"