ತಳ ಕೆರೆಯುವವನು

ಫುಜೈರಾದ ಹೊರಗೆ ಲಂಗರು ಹಾಕಿ ಕಾದು ನಿಂತ
ನೂರೆಂಟು ಟ್ಯಾಂಕರುಗಳಲ್ಲಿ ಇವತ್ತು ನಮ್ಮ ಪಾಲಿಗೊಂದು.
ಹೆಸರು ಗ್ರೀಕು, ಬಾವುಟ ಪನಾಮದ್ದು,
ಕ್ಯಾಪ್ಟನ್ ಎಲ್ಲಿಯವನೋ, ಕಂಡಿಲ್ಲ.
ನಾನು ಕಾಣುವುದು ಅದರ ಹೊಟ್ಟೆ ಮಾತ್ರ.

ಬ್ರಷ್ಷಿನ ಯಂತ್ರ ನೀರಿನಡಿ ಗುರ್ರೆನ್ನುತ್ತದೆ.
ಕಿತ್ತ ಚಿಪ್ಪುಗಳು ಮೋಡವಾಗಿ ಎದ್ದು
ಮುಖದ ಗಾಜಿಗೆ ಬಡಿದು ಇಳಿಯುತ್ತವೆ.
ಹಡಗಿನ ತಳದಲ್ಲಿ ಇಷ್ಟು ಸದ್ದು ಮಾಡಬಹುದೆಂದು
ನಲವತ್ತೊಂದನೇ ವಯಸ್ಸಿನಲ್ಲಿ ಗೊತ್ತಾಯಿತು.

ಮೊದಲಿನ ಹದಿನೈದು ವರ್ಷ
ಇದೇ ಕತ್ತಲಿಗೆ, ಇದೇ ಕಬ್ಬಿಣಕ್ಕೆ,
ಒಂದು ಗುಳ್ಳೆಯೂ ಮೇಲೇಳದ ಹಾಗೆ ಬರುತ್ತಿದ್ದೆ.
ಇಡುವುದು. ಎಣಿಸುವುದು. ವಾಪಸು.
ಏನು ಇಟ್ಟೆ, ಯಾವ ಬಂದರು, ಕೇಳಬೇಡಿ,
ಸಹಿ ಹಾಕಿ ಕೊಟ್ಟಿದ್ದೇನೆ.
ಹೆಚ್ಚಿನ ಸಲ ಅದು ನಮ್ಮದೇ ಹಡಗು, ಇಟ್ಟದ್ದು ಮರದ ತುಂಡು,
ಮೇಲೆ ಬಂದರೆ ಒಬ್ಬ ಸಾಹೇಬ ಗಡಿಯಾರ ನೋಡಿ
"ನಾಲ್ಕು ನಿಮಿಷ ತಡ" ಎನ್ನುತ್ತಿದ್ದ.

ತದಡಿಯಿಂದ ಅಕ್ಕನ ಮಗ ಧ್ವನಿ ಕಳಿಸುತ್ತಾನೆ:
ಮಾಮಾ, ನಾನೂ ಸೇರಬೇಕು. ಗಡ್ಡ ಬಿಡಬಹುದಂತೆ, ಹೌದಾ?
ಎಷ್ಟು ಕಿಲೋಮೀಟರು ಓಡಿಸುತ್ತಾರೆ?
ನೀನು ಎಷ್ಟು ಜನರನ್ನು...
ಅಲ್ಲಿಗೆ ತಾನೇ ನಿಲ್ಲಿಸುತ್ತಾನೆ, ಒಳ್ಳೆಯ ಹುಡುಗ.

ಮೂರು ಸಲ ಉತ್ತರ ಹೇಳಿ ಮೂರು ಸಲ ಅಳಿಸಿದೆ.

ಕಾಯುವುದು, ಮಾರಾಯ. ಅದು ಕಾಯುವ ಕೆಲಸ.
ರಬ್ಬರು ದೋಣಿಯಲ್ಲಿ ಒಂಬತ್ತು ಗಂಟೆ ಮೊಣಕಾಲೂರಿ,
ಸೂಟಿನೊಳಗೇ ಉಚ್ಚೆ ಹೊಯ್ದು ಆ ಬಿಸಿಗೆ ಸುಖಪಟ್ಟು
ಕೊನೆಗೆ ರೇಡಿಯೋ ಹೇಳುತ್ತದೆ: ರದ್ದು.
ತೊಡೆಸಂದಿಯಲ್ಲಿ ಉಪ್ಪುಹುಣ್ಣು.
ಎಡಗಿವಿಯಲ್ಲಿ ಒಂದು ಜೀರುಂಡೆ, ಹಗಲೂ ರಾತ್ರಿ;
ಅದಕ್ಕೆ ಡಾಕ್ಟರು ಶೇಕಡಾ ಇಪ್ಪತ್ತು ಎಂದು ಬರೆದುಕೊಟ್ಟರು.
ನಿನ್ನ ಅತ್ತೆ ಹೆರುವಾಗ ನಾನು ಎಲ್ಲಿಯೂ ಇರಲಿಲ್ಲ.
ಎಲ್ಲಿದ್ದಿರಿ ಎಂದು ಕೇಳುವುದನ್ನು ಅವಳು ಬಿಟ್ಟಳು.
ಅದನ್ನು ನಾನು ನೆಮ್ಮದಿ ಅಂದುಕೊಂಡೆ.

ಒಂದೇ ಒಂದು ಸಲ ನಿಜವಾದ ಏಣಿ.
ಹತ್ತಿ ಒಳನುಗ್ಗಿದರೆ ಅಡುಗೆಕೋಣೆಯಲ್ಲಿ ಒಬ್ಬ
ಬಂದೂಕು ಕೆಳಗಿಟ್ಟು, ಡಬ್ಬಕ್ಕೆ ಕೈಹಾಕಿ
ಹಾಲಿನಪುಡಿ ಒಣದೇ ಮುಕ್ಕುತ್ತಿದ್ದ, ತುಟಿಯೆಲ್ಲ ಬೆಳ್ಳಗೆ.
ನಿನ್ನ ವಯಸ್ಸಿನವನು.
ಕೈಯೆತ್ತುವ ಮೊದಲು ನುಂಗಿದ.
ಲುಲುವಿನಲ್ಲಿ ಆ ಸಾಲಿಗೆ ನಾನು ಇವತ್ತಿಗೂ ಹೋಗುವುದಿಲ್ಲ.

ರೂಮಿನಲ್ಲಿ ಬೇಪೂರಿನ ಹಂಸ, ಭೋಲಾದ ಮಿಂಟು.
ನೇವಿಯಲ್ಲಿ ಏನಾಗಿದ್ದೆ ಅಂದರು, ಅಡುಗೆಭಟ್ಟ ಅಂದೆ.
ಅಂದಿನಿಂದ ಶುಕ್ರವಾರದ ಮೀನುಸಾರು ನನ್ನ ತಲೆಗೆ.
ಚೆನ್ನಾಗಿಯೇ ಮಾಡುತ್ತೇನೆ.

ಅಘನಾಶಿನಿಯ ಅಳಿವೆಯಲ್ಲಿ, ನೀರಿಳಿದ ಹೊತ್ತು,
ಅವ್ವ ಸೊಂಟಮಟ್ಟ ನಿಂತು ಕಾಲ್ಬೆರಳಿಂದ ಬಳಚು ಹುಡುಕುತ್ತಿದ್ದಳು.
ಬುಟ್ಟಿ ಲೆಕ್ಕದಲ್ಲಿ ದುಡ್ಡು.
ಏಳು ವರ್ಷದ ನಾನು ಉಸಿರು ಕಟ್ಟಿ ಮುಳುಗಿ
ಅವಳ ಹಿಮ್ಮಡಿಯ ಪಕ್ಕದಿಂದ ಹೆಕ್ಕಿ ಕೊಡುತ್ತಿದ್ದೆ.
ತೊಂಬತ್ತು ಮಂದಿಯಲ್ಲಿ ಹನ್ನೊಂದು ಉಳಿದ ದಿನ
ಉಸ್ತಾದ ಕೇಳಿದ: ಇಷ್ಟು ಹೊತ್ತು ಉಸಿರು ಹಿಡಿಯಲು ಎಲ್ಲಿ ಕಲಿತೆ?
ಊರಲ್ಲಿ, ಅಂದೆ.
ಈಗ ಮತ್ತೆ ಚಿಪ್ಪೇ ಅನ್ನ.

ಹುಡುಗನಿಗೆ ಕೊನೆಗೆ ಕಳಿಸಿದ್ದು ಇಷ್ಟು:
ಮೊದಲು ಕಿವಿ ತೋರಿಸಿಕೊಂಡು ಬಾ.
ನೆಗಡಿಯಿದ್ದಾಗ ಮುಳುಗಬೇಡ.
ಅವನು ಹೆಬ್ಬೆರಳಿನ ಚಿತ್ರ ಕಳಿಸಿದ.

ಸಂಜೆಯ ಪಾಳಿ ಮುಗಿಯುವಾಗ
ಯಂತ್ರ ನಿಲ್ಲಿಸಿ, ಕೈಗವಸು ತೆಗೆದು
ಕೆರೆದ ಜಾಗಕ್ಕೆ ಅಂಗೈ ಒತ್ತುತ್ತೇನೆ, ಸುಮ್ಮನೆ.
ಒಳಗೆಲ್ಲೋ ಜನರೇಟರು ನಡುಗುತ್ತಿದೆ,
ಯಾರೋ ಪಾತ್ರೆ ತೊಳೆಯುತ್ತಿರಬಹುದು, ಮನೆಗೆ ಫೋನು ಹಚ್ಚಿರಬಹುದು.
ನಾನು ಏನನ್ನೂ ಇಡುವುದಿಲ್ಲ.

ಮೇಲಿಂದ ಹಂಸ ಹಗ್ಗ ಎಳೆಯುತ್ತಾನೆ, ಒಂದು ಸಲ:
ಸರಿಯಿದ್ದೀಯಾ?
ಒಂದು ಸಲ ಎಳೆದರೆ ಉತ್ತರ.
ಹಗ್ಗ ಹಿಡಿದುಕೊಂಡು
ಸ್ವಲ್ಪ ಹೊತ್ತು ಹಾಗೇ ತೇಲುತ್ತೇನೆ.