ದುಭಾಷಿಯ ಕೂಲಿ

ಮಾರ್ಚಿನಲ್ಲಿ ಹಳೆಯ ದೊಡ್ಡಣ್ಣನ ಹಡಗು ಬಂತು,
ಬಿಳಿ, ಹೊಟ್ಟೆಯೊಳಗೆ ಆಸ್ಪತ್ರೆ.
ನೇಯ್ ತಿರಿಂಗಾಳ ಎಡಗಣ್ಣಿನ ಪೊರೆ ತೆಗೆದು
ಕಪ್ಪು ಕನ್ನಡಕ ಕೊಟ್ಟು ಹೋಯಿತು.
ಆಗಸ್ಟಿನಲ್ಲಿ ಮೊನ್ನೆ ಮೊನ್ನೆ ಮೀಸೆ ಚಿಗುರಿದವನದು,
ಇನ್ನೂ ಬಿಳಿ, ಹದಿನೇಳು ಮಾರು ಹೆಚ್ಚು ಉದ್ದ
(ಅಳೆದು ಹೇಳಿದವರು ಅವರೇ).
ಬಲಗಣ್ಣು ಅವರ ಪಾಲಿಗೆ.

ಇಬ್ಬರ ಮಾತನ್ನೂ ಅವಳಿಗೆ ತಲುಪಿಸಿದವನು ನಾನು,
ತರಾವಾದ ಜೆಟ್ಟಿಯಲ್ಲಿ ದಿನಗೂಲಿ ದುಭಾಷಿ.
ಒಂದು ಕಣ್ಣಿಗೆ ಬೆಣ್ಣೆ, ಒಂದಕ್ಕೆ ಸುಣ್ಣದ ಕಾಲ ಮುಗಿಯಿತಜ್ಜೀ,
ಈಗ ಎರಡಕ್ಕೂ ಬೆಣ್ಣೆಯೇ, ಅಂದೆ.
ಕೇದಗೆ ಗರಿ ಸೀಳುತ್ತಲೇ ಅಂದಳು:
ಬ್ರೆಡ್ಡಿಗೂ ಹಚ್ಚುತ್ತಾರಲ್ಲ ಮಗಾ, ಕಚ್ಚುವ ಮುಂಚೆ.

ಈ ವಾರ ಎರಡೂ ಕಡೆಯವರು ಒಂದೇ ದಿನ ಬಂದರು.
ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತರು, ಕ್ಯಾಮೆರಾ ಸಮೇತ.
ಯಾವ ಕಣ್ಣು ಚೆನ್ನಾಗಿ ಕಾಣುತ್ತದೆ, ಕೇಳು ಅಂದರು.
ಬಲಗಣ್ಣು ಮುಚ್ಚಿ ದಡದ ಕಡೆ ನೋಡಿದಳು,
ಎಡಗಣ್ಣು ಮುಚ್ಚಿ ನೋಡಿದಳು,
ಅವಸರವೇ ಇಲ್ಲ.

ತುಕ್ಕು ಹಿಡಿದ ಫಿರಂಗಿ. ಹಿಂದಿನ ಸಲ ಕಾದಾಡಿದ ಇಬ್ಬರು
ಬಿಟ್ಟುಹೋದದ್ದು. ಅದರ ಕೊಳವೆಯ ಮೇಲೆ
ಮೊಮ್ಮಗ ತೆಬ್ವಾಕಿಯ ಸ್ಕೂಲಿನ ಅಂಗಿ ಒಣಗುತ್ತಿದೆ.
ಅದರಾಚೆ ಅವಳ ಅಪ್ಪನನ್ನು ಹೂತ ಜಾಗ.
ಈಗ ಅಲ್ಲಿ ನೀರು.

ಇದರಲ್ಲೂ ಅದೇ, ಅದರಲ್ಲೂ ಅದೇ, ಅಂದಳು.
ಆಮೇಲೆ, ಮೆಲ್ಲಗೆ:
ಮೊದಲಿಗಿಂತ ಹತ್ತಿರ.

ಎರಡೂ ಚೆನ್ನಾಗಿ ಕಾಣುತ್ತವಂತೆ, ಅಂದೆ ನಾನು.
ಇಬ್ಬರೂ ಬರೆದುಕೊಂಡರು.
ಅಂದು ನನಗೆ ಎರಡು ಕೂಲಿ.